ಸುಳ್ಳುಗಾರನ ಬಾಯಿಯ ನಿಜ

ಒಬ್ಬ ಮನುಷ್ಯ ಮೋಸಗಾರನೆಂದು ರುಜುವಾತಾದ ಮೇಲೆ ಅವನು ಆಡಿದ್ದ ಮಾತುಗಳನ್ನು ಏನು ಮಾಡಬೇಕು? ಅವನನ್ನು ಸೆರೆಮನೆಯಲ್ಲಿಡಬಹುದು, ಅವನ ಆಸ್ತಿಯನ್ನು ಜಪ್ತಿ ಮಾಡಬಹುದು. ಮಾತನ್ನು ಜಪ್ತಿ ಮಾಡುವಂತಿಲ್ಲ. ಅದು ಆಗಲೇ ಲಕ್ಷಾಂತರ ಕಿವಿಗಳನ್ನು ಸೇರಿರುತ್ತದೆ. ಆಡಿದ್ದೆಲ್ಲ ಸುಳ್ಳೇ ಆಗಿದ್ದರೆ ಚಿಂತೆಯಿಲ್ಲ, ಗುಡಿಸಿ ಹೊರಗೆ ಹಾಕಬಹುದು. ಅಲ್ಲಲ್ಲಿ ನಿಜವೂ ಬೆರೆತಿದ್ದರೆ ಅಕ್ಕಿಯಿಂದ ಕಲ್ಲು ಆರಿಸುವಂತೆ ಕೂತು ಆರಿಸುವ ಕೆಲಸ ಕೇಳಿದವರ ಪಾಲಿಗೆ ಬರುತ್ತದೆ.

ನನಗೆ ಈ ಕೆಲಸವನ್ನು ಹಚ್ಚಿದವನು ಗುವೊ ವೆಂಗುಯಿ ಎಂಬ ಚೀನೀ ಕೋಟ್ಯಧೀಶ. ನಾನು ಕನ್ನಡ ಪಾಠ ಹೇಳುವವನು. ಬೀಜಿಂಗಿನ ರಾಜಕಾರಣದಲ್ಲಾಗಲಿ ನ್ಯೂಯಾರ್ಕಿನ ಷೇರು ವ್ಯವಹಾರದಲ್ಲಾಗಲಿ ನನಗೆ ವಿಶೇಷ ಗತಿಯಿಲ್ಲ. ಆದರೂ ಪತ್ರಿಕೆಗಳಲ್ಲಿ ಅವನ ಏಳುಬೀಳುಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದ ನನಗೆ, ಈ ಹಗರಣದೊಳಗೆ ಒಂದು ಹಳೆಯ ಧರ್ಮಜಿಜ್ಞಾಸೆ ಅವಿತು ಕೂತಿದೆಯೆಂದು ತೋರಿತು. ಅದನ್ನು ಹೇಳುವ ಮೊದಲು ಕಥೆಯನ್ನು ಹೇಳಬೇಕು.

ಗುವೊ ಶಾಂದೊಂಗ್ ಪ್ರಾಂತದವನು. ನೆಲ ಕೊಂಡು ಕಟ್ಟಡ ಕಟ್ಟಿ ದೊಡ್ಡವನಾದವನು. 2008ರ ಒಲಿಂಪಿಕ್ ಕ್ರೀಡೆಗಳಿಗಾಗಿ ಬೀಜಿಂಗ್ ನಗರ ಸಜ್ಜಾಗುತ್ತಿದ್ದಾಗ, ಕ್ರೀಡಾಂಗಣದ ಮಗ್ಗುಲಲ್ಲೇ ಡ್ರ್ಯಾಗನ್ನಿನ ಆಕಾರದಲ್ಲಿ ಸಾಲುಗಟ್ಟಿ ನಿಂತ ಪಾಂಗು ಎಂಬ ಭವ್ಯ ಕಟ್ಟಡಗಳು ಅವನವು. ಆ ನೆಲ ಒಮ್ಮೆ ಅವನ ಕೈತಪ್ಪಿತ್ತು. ಆಗ ನಗರದ ಉಪಮೇಯರಾಗಿದ್ದವನು ಲಿಯು ಝಿಹುವಾ. ಒಲಿಂಪಿಕ್ ಕಾಮಗಾರಿಗಳ ಹೊಣೆ ಅವನ ಮೇಲಿತ್ತು. 2006ರಲ್ಲಿ ಲಿಯು ಹೆಂಗಸಿನೊಡನಿದ್ದ ಒಂದು ಚಿತ್ರಸುರುಳಿ ಮೇಲಧಿಕಾರಿಗಳ ಕೈಸೇರಿತು. ಅವನು ಪದಚ್ಯುತನಾದ, 2008ರಲ್ಲಿ ಲಂಚದ ಅಪರಾಧಕ್ಕಾಗಿ ತಡೆಹಿಡಿದ ಮರಣದಂಡನೆಗೆ ಗುರಿಯಾದ. ನೆಲ ಗುವೊನ ಕೈಗೆ ಮರಳಿ ಬಂತು. ಆ ಸುರುಳಿಯನ್ನು ಒದಗಿಸಿದವನು ಗುವೊ ಎಂಬುದನ್ನು ಚೀನದ ಪತ್ರಿಕೆಗಳೇ ಆಮೇಲೆ ಬರೆದವು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಲಿಯು ಲಂಚಕೋರನೆಂದು ನ್ಯಾಯಾಲಯ ತೀರ್ಮಾನಿಸಿತು. ಅವನನ್ನು ಹಿಡಿದುಕೊಟ್ಟದ್ದರಿಂದ ನಗರಕ್ಕೆ ಉಪಕಾರವೇ ಆಯಿತೆನ್ನಬಹುದು. ಆದರೆ ಹಿಡಿದುಕೊಟ್ಟವನಿಗೆ ಬೇಕಾದದ್ದು ನಗರದ ಶುದ್ಧಿಯಲ್ಲ, ನೆಲ. ಗುವೊನ ಮುಂದಿನ ಜೀವನವೆಲ್ಲ ಈ ಒಂದು ಪ್ರಸಂಗದ ವಿಸ್ತಾರವೆಂದೇ ನನಗೆ ಅನ್ನಿಸುತ್ತದೆ. ಬಂಡೆಯನ್ನು ಸರಿಸುವುದಕ್ಕೆ ಹಾರೆಯನ್ನು ಬಳಸುವಂತೆ ಅವನು ನಿಜವನ್ನು ಬಳಸಿದ. ಕೆಲಸ ಮುಗಿದ ಮೇಲೆ ಹಾರೆಗೆ ಯಾರೂ ಅರಿಶಿನ ಕುಂಕುಮ ಹಚ್ಚುವುದಿಲ್ಲ. (ನಮ್ಮಲ್ಲಿ ಆಯುಧಪೂಜೆಯ ದಿನ ಹಚ್ಚುತ್ತೇವೆ, ಅದು ಬೇರೆ ಮಾತು.)

ಮುಂದೆ ಚೀನದ ರಾಷ್ಟ್ರೀಯ ಭದ್ರತಾ ಇಲಾಖೆಯ ಉಪಮಂತ್ರಿ ಮಾ ಜಿಯನ್ ಅವನ ಬೆನ್ನಿಗಿದ್ದ. ಗುವೊ 2014ರಲ್ಲಿ ದೇಶ ಬಿಟ್ಟ. 2015ರಲ್ಲಿ ಮಾ ಜಿಯನ್ ಬಂಧಿತನಾದ. 2018ರಲ್ಲಿ ಅವನಿಗೆ ಆಜೀವ ಸೆರೆಯಾಯಿತು. ಅದೇ 2015ರಲ್ಲಿ ಗುವೊ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿರುವ ಶೆರಿ ನೆದರ್ಲೆಂಡ್ ಎಂಬ ಕಟ್ಟಡದಲ್ಲಿ ಸುಮಾರು 6.75 ಕೋಟಿ ಡಾಲರಿಗೆ ಒಂದು ಮನೆ ಕೊಂಡ. 2017ರ ಆರಂಭದಲ್ಲಿ ಆ ಮನೆಯಿಂದ ಅವನ ಬಾಯಿ ಬಿಚ್ಚಿತು.

ಯೂಟ್ಯೂಬಿನಲ್ಲಿಯೂ ಟ್ವಿಟರಿನಲ್ಲಿಯೂ ದಿನಬೆಳಗಾದರೆ ಅವನ ಆಪಾದನೆಗಳು. ಮುಖ್ಯ ಗುರಿ ವಾಂಗ್ ಚಿಶಾನ್. ಪಕ್ಷದ ಶಿಸ್ತು ಆಯೋಗದ ಮುಖ್ಯಸ್ಥನಾಗಿ ಭ್ರಷ್ಟರನ್ನು ಹಿಡಿಹಿಡಿದು ಒಳಗೆ ಹಾಕುತ್ತಿದ್ದ ಆಸಾಮಿ. ವಿಮಾನಯಾನದಿಂದ ಆರಂಭವಾಗಿ ಲೋಕದ ಹಲವು ಕಡೆ ಆಸ್ತಿ ಕೊಳ್ಳುತ್ತಿದ್ದ ಎಚ್.ಎನ್.ಎ. ಎಂಬ ದೈತ್ಯ ಸಂಸ್ಥೆಯಲ್ಲಿ ಅವನ ಬಂಧುಗಳ ಗುಪ್ತ ಪಾಲಿದೆ, ಷೇರುಗಳು ಬೇನಾಮಿ ಹೆಸರಿನಲ್ಲಿವೆ ಎಂದು ಗುವೊ ಸಾರಿದ. ಸಂಸ್ಥೆ ಇದನ್ನು ಅಲ್ಲಗಳೆದು ನ್ಯೂಯಾರ್ಕಿನಲ್ಲೇ ಮಾನನಷ್ಟದ ದಾವೆ ಹೂಡಿತು. 2017ರ ಏಪ್ರಿಲ್ 19ರಂದು ಅಮೆರಿಕ ಸರ್ಕಾರದ ಹಣದಲ್ಲಿ ನಡೆಯುವ ವಾಯ್ಸ್ ಆಫ್ ಅಮೆರಿಕಾದ ಚೀನೀ ವಿಭಾಗ ಅವನ ಸಂದರ್ಶನವನ್ನು ನೇರವಾಗಿ ಪ್ರಸಾರ ಮಾಡುತ್ತಿತ್ತು. ಅದು ನಡುವೆಯೇ ನಿಂತುಹೋಯಿತು. ಅದೇ ವೇಳೆಗೆ ಚೀನದ ಕೋರಿಕೆಯ ಮೇರೆಗೆ ಇಂಟರ್‌ಪೋಲ್ ಅವನ ಮೇಲೆ ಕೆಂಪು ನೋಟೀಸು ಹೊರಡಿಸಿತು. ಗುವೊನಿಂದ 6 ಕೋಟಿ ಯುವಾನ್ ಲಂಚ ತಿಂದೆನೆಂದು ಸೆರೆಯಲ್ಲಿದ್ದ ಮಾ ಜಿಯನ್ ಒಪ್ಪಿಕೊಳ್ಳುವ ಚಿತ್ರವೊಂದು ಎಲ್ಲೆಡೆ ಹರಿದಾಡಿತು. ಎರಡು ಕಡೆಯವರಿಗೂ ಚಿತ್ರಸುರುಳಿಯೇ ಬ್ರಹ್ಮಾಸ್ತ್ರ!

ಈಗ ನಮ್ಮ ತಾರ್ಕಿಕರನ್ನು ಒಂದು ಮಾತು ಕೇಳೋಣ. ಅವರು ಶಬ್ದವನ್ನು, ಎಂದರೆ ಇನ್ನೊಬ್ಬರ ಮಾತನ್ನು, ಜ್ಞಾನಕ್ಕೆ ಒಂದು ಪ್ರಮಾಣವೆಂದು ಒಪ್ಪಿದರು. ಯಾರ ಮಾತು ಬೇಕಾದರೂ ಆಗುವುದಿಲ್ಲ, ಆಪ್ತನ ಮಾತಾಗಬೇಕು. ಆಪ್ತನೆಂದರೆ ಇಲ್ಲಿ ನೆಂಟನಲ್ಲ, ಗೆಳೆಯನಲ್ಲ. ವಿಷಯವನ್ನು ತಾನು ನೇರವಾಗಿ ಬಲ್ಲವನಾಗಿರಬೇಕು. ಬಲ್ಲದ್ದನ್ನು ಬಲ್ಲ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯೂ ಅವನಲ್ಲಿರಬೇಕು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ. ಎಷ್ಟು ಉದಾರವಾದ ಮಾತು! ಆಡುವವನ ಕುಲ ಕೇಳಬೇಡ, ಅವನಿಗೆ ಗೊತ್ತಿದೆಯೆ, ಗೊತ್ತಿದ್ದುದನ್ನು ತಿರುಚದೆ ಹೇಳುತ್ತಾನೆಯೆ, ಇಷ್ಟನ್ನು ನೋಡು.

ಗುವೊನನ್ನು ಈ ಒರೆಗಲ್ಲಿಗೆ ಹಚ್ಚಿದರೆ ಮೊದಲನೆಯ ಗೆರೆ ಚೆನ್ನಾಗಿಯೇ ಮೂಡುತ್ತದೆ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ. ಆ ಅರಮನೆಯ ಹಿಂಬಾಗಿಲು ಎಲ್ಲಿದೆ, ಯಾವ ಅಧಿಕಾರಿಗೆ ಯಾವ ಹೊತ್ತಿನಲ್ಲಿ ಏನು ಸಲ್ಲುತ್ತದೆ ಎಂಬುದು ಅದೇ ಹಿಂಬಾಗಿಲಿನಿಂದ ಓಡಾಡಿದವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಸಾಧುಸಜ್ಜನನಾದ ಒಬ್ಬ ಬೀಜಿಂಗಿನ ಮೇಷ್ಟರು ಇದನ್ನು ಹೇಳಲಾರ. ಅವನು ಅಲ್ಲಿಗೆ ಹೋದವನೇ ಅಲ್ಲ. ದುರಾಚಾರದ ಒಳಗುಟ್ಟು ಹೊರಬರುವುದು ಸಾಮಾನ್ಯವಾಗಿ ಅದರಲ್ಲಿ ಪಾಲು ತಿಂದವರಿಂದಲೇ ಎಂಬುದು ನಾವು ಇಷ್ಟಪಡದಿದ್ದರೂ ಒಪ್ಪಬೇಕಾದ ಸಂಗತಿ. ಹೇಳುವವನ ಕೈ ಶುದ್ಧವಾಗಿರಲಿ ಎಂದು ಹಟ ಹಿಡಿದರೆ ಎಷ್ಟೋ ಅನ್ಯಾಯಗಳಿಗೆ ಸಾಕ್ಷಿಯೇ ಸಿಕ್ಕದು.

ಎರಡನೆಯ ಗೆರೆಯಲ್ಲಿ ಬಣ್ಣ ಕೆಡುತ್ತದೆ. ಪಾಲು ಸಿಗುತ್ತಿದ್ದಷ್ಟು ಕಾಲ ಆತ ಮೌನಿ. ಪಾಲು ತಪ್ಪಿದ ಮೇಲೆ ವಾಚಾಳಿ. 2015ರಲ್ಲಿ ಅವನ ವ್ಯವಹಾರಗಳನ್ನು ಚೀನದ ಒಂದು ಪತ್ರಿಕೆ ಬಯಲಿಗೆಳೆದಾಗ ಅದರ ಸಂಪಾದಕಿಯ ಖಾಸಗಿ ಬದುಕಿನ ಮೇಲೆ ಕೆಸರೆರಚಿದ. 2018ರಲ್ಲಿ ಎಚ್.ಎನ್.ಎ. ಸಂಸ್ಥೆಯ ಅಧ್ಯಕ್ಷರಲ್ಲೊಬ್ಬನಾದ ವಾಂಗ್ ಜಿಯನ್ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಗೋಡೆಯಿಂದ ಬಿದ್ದು ಸತ್ತ. ಅದು ಆಕಸ್ಮಿಕವೆಂದು ಅಲ್ಲಿನ ಪೊಲೀಸರು ತಿಳಿಸಿದರೂ ಕೊಲೆಯೆಂದು ಗುವೊ ಸಾರಿಕೊಂಡು ತಿರುಗಿದ. ಬಲ್ಲದ್ದು, ಊಹಿಸಿದ್ದು, ಹಗೆಗಾಗಿ ಹುಟ್ಟಿಸಿದ್ದು, ಮೂರನ್ನೂ ಒಂದೇ ಸ್ವರದಲ್ಲಿ ಹೇಳುವವನನ್ನು ಆಪ್ತನೆನ್ನಲಾಗದು.

ಹಾಗಾದರೆ ಅವನ ಮಾತು ಶೂನ್ಯವೆ? ಅಲ್ಲವೆಂದು ನನ್ನ ಮತ. ಅದು ಪ್ರಮಾಣವಾಗದಿರಬಹುದು, ಸುಳಿವಾಗಬಹುದು. ಪ್ರಮಾಣವಾದರೆ ಅದನ್ನು ನೆಚ್ಚಿ ಮುಂದೆ ನಡೆಯಬಹುದು. ಸುಳಿವಾದರೆ ಅದರ ಜಾಡು ಹಿಡಿದು ಹೋಗಿ ನಮ್ಮ ಕಣ್ಣಿಂದಲೇ ನೋಡಬೇಕು. ಎಚ್.ಎನ್.ಎ.ಯ ವಿಷಯದಲ್ಲಿ ನಡೆದದ್ದೂ ಹೀಗೆಯೇ. ಪತ್ರಿಕೆಗಳವರು ಕೆದಕತೊಡಗಿದರು. 2017ರ ಜುಲೈಯಲ್ಲಿ ಸಂಸ್ಥೆ ತನ್ನ ಪಾಲುದಾರರ ಪಟ್ಟಿಯನ್ನು ತಾನೇ ಪ್ರಕಟಿಸಬೇಕಾಯಿತು. ಸುಮಾರು ಶೇ. 29ರಷ್ಟು ಪಾಲು ಹೊರಜಗತ್ತಿಗೆ ಅಪರಿಚಿತನಾದ ಒಬ್ಬನ ಹೆಸರಿನಲ್ಲಿ ಇತ್ತೆಂದೂ ಅದನ್ನು ನ್ಯೂಯಾರ್ಕಿನ ಧರ್ಮನಿಧಿಯೊಂದಕ್ಕೆ ಕೊಟ್ಟದ್ದಾಯಿತೆಂದೂ ತಿಳಿದುಬಂತು. ವಾಂಗ್ ಚಿಶಾನನ ಮನೆತನದ ಪಾಲು ಅಲ್ಲಿತ್ತೆಂಬುದು ಇದರಿಂದ ಸಿದ್ಧವಾಗಲಿಲ್ಲ. ಆದರೆ ಒಡೆಯರು ಯಾರೆಂಬ ಪ್ರಶ್ನೆ ಹುಸಿಯಾಗಿರಲಿಲ್ಲ. 2021ರಲ್ಲಿ ಆ ಸಂಸ್ಥೆ ಸಾಲದಲ್ಲಿ ಮುಳುಗಿ ದಿವಾಳಿಯ ಕಟಕಟೆ ಹತ್ತಿತು; ಅದರ ಅಧ್ಯಕ್ಷ ಚೆನ್ ಫೆಂಗ್ ಅದೇ ವರ್ಷ ಬಂಧಿತನಾದ.

ಅವನಿಗೆ ಕಿರುಕುಳವಾದದ್ದೂ ಕಟ್ಟುಕಥೆಯಲ್ಲ. 2017ರಲ್ಲಿ ಚೀನದ ಭದ್ರತಾ ಅಧಿಕಾರಿಗಳು ನ್ಯೂಯಾರ್ಕಿಗೇ ಬಂದು, ಮನೆಯಲ್ಲಿ ಅವನನ್ನು ಕಂಡು, ಬಾಯಿ ಮುಚ್ಚಿಕೊಂಡು ಊರಿಗೆ ಮರಳೆಂದು ಒತ್ತಾಯಿಸಿದರು. ಅವನನ್ನು ಚೀನಕ್ಕೆ ಒಪ್ಪಿಸುವಂತೆ ವಾಷಿಂಗ್ಟನ್ನಿನಲ್ಲಿ ಗುಟ್ಟಾಗಿ ವಶೀಲಿ ಮಾಡಿದ ಎಲಿಯಟ್ ಬ್ರಾಯ್ಡಿ ಎಂಬ ಅಮೆರಿಕದ ಪ್ರಭಾವಶಾಲಿ 2020ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ. ಬೇಟೆ ನಿಜ. ಅವನಿಗೆ ಆಶ್ರಯ ಬೇಕಾಗಿತ್ತೆಂಬುದೂ ನಿಜ.

ವಿಭೀಷಣ ಸಮುದ್ರ ದಾಟಿ ಬಂದಾಗ ಸುಗ್ರೀವ ಸಂಶಯಪಟ್ಟ. ಅಣ್ಣನನ್ನು ಬಿಟ್ಟು ಬಂದವನು ನಾಳೆ ನಮ್ಮನ್ನು ಬಿಡುವುದಿಲ್ಲವೆ? ಸಂಶಯ ಅನ್ಯಾಯದ್ದೇನಲ್ಲ. ರಾಮ ಅದನ್ನು ಅಲ್ಲಗಳೆಯುವ ಗೋಜಿಗೇ ಹೋಗಲಿಲ್ಲ. ಶರಣೆಂದು ಬಂದವನು ರಾವಣನೇ ಆದರೂ ಅಭಯ ಕೊಡುತ್ತೇನೆ ಎಂದ. ಅಭಯ ಕೊಡುವಾಗ ಶೀಲಪರೀಕ್ಷೆ ಬೇಡ. ಬೇಟೆಗೆ ಸಿಕ್ಕಿದ ಜೀವಕ್ಕೆ ಅದು ಜೀವವಾಗಿರುವುದೊಂದೇ ಯೋಗ್ಯತೆ ಸಾಕು. ನಂಬಿಕೆಯ ಲೆಕ್ಕ ಬೇರೆ. ಇವೆರಡರ ನಡುವೆ ಇರುವ ಅಂತರವನ್ನು ಮರೆತದ್ದರಲ್ಲೇ ಗುವೊನ ಹಿಂಬಾಲಕರ ದುರಂತ ಆರಂಭವಾಯಿತು.

ಯಾರು ಈ ಹಿಂಬಾಲಕರು? ಬಹುಪಾಲು ದೇಶ ಬಿಟ್ಟು ಬಂದ, ಬೇರೆಬೇರೆ ನಾಡುಗಳಲ್ಲಿ ನೆಲೆಸಿದ ಚೀನೀಯರು. ಸರ್ಕಾರ ಹೇಳಿದ್ದನ್ನೇ ಅಚ್ಚುಹಾಕುವ ಪತ್ರಿಕೆಗಳನ್ನು ಓದಿ ಬೆಳೆದವರು. ಅಂಥವರ ಮನಸ್ಸು ಹೇಗೆ ಓಡುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಎಲ್ಲಿ ಸುದ್ದಿಗೆ ಬೀಗ ಬಿದ್ದಿದೆಯೋ ಅಲ್ಲಿ ವದಂತಿಗೆ ಪಟ್ಟಾಭಿಷೇಕ. ಸಂದರ್ಶನ ನಡುವೆ ನಿಂತಿತೆ? ಬಾಯಿ ಮುಚ್ಚಿಸಿದರು, ಆದ್ದರಿಂದ ಹೇಳುತ್ತಿದ್ದುದು ನಿಜ! ಇಂಟರ್‌ಪೋಲ್ ಬೆನ್ನು ಹತ್ತಿತೆ? ಆದ್ದರಿಂದ ಅವನು ಸತ್ಯವಂತ! ತಾರ್ಕಿಕರಾದರೆ ಇಲ್ಲಿ ಹೇತು ವ್ಯಭಿಚರಿಸುತ್ತದೆ ಎನ್ನುತ್ತಾರೆ. ಹಿಂಸೆಗೆ ಒಳಗಾಗುವವರಲ್ಲಿ ಸತ್ಯವಂತರೂ ಉಂಟು, ಪಾಲಿಗಾಗಿ ಜಗಳವಾಡಿ ಸೋತವರೂ ಉಂಟು. ಆದರೆ ತರ್ಕಶಾಸ್ತ್ರ ಊರಿಲ್ಲದವನ ಹಸಿವನ್ನು ತೀರಿಸುವುದಿಲ್ಲವಷ್ಟೆ.

‘ಅವನು ಹೇಳಿದ್ದು ನಿಜ’ ಎನ್ನುವುದಕ್ಕೂ ‘ಅವನೇ ನಿಜ’ ಎನ್ನುವುದಕ್ಕೂ ನಡುವೆ ಒಂದೇ ಹೆಜ್ಜೆ. ಗುವೊ ಹಣ ಎತ್ತಿದ್ದು ಆ ಹೆಜ್ಜೆ ಇಟ್ಟವರಿಂದ.

ಡೊನಾಲ್ಡ್ ಟ್ರಂಪರ ಸಲಹೆಗಾರನಾಗಿದ್ದ ಸ್ಟೀವ್ ಬ್ಯಾನನ್ ಅವನ ಜೊತೆಗೂಡಿದ. 2018ರಲ್ಲಿ ನ್ಯಾಯದ ಆಳ್ವಿಕೆಯ ಹೆಸರಿನಲ್ಲಿ ಸಂಸ್ಥೆಗಳು ಹುಟ್ಟಿದವು. 2020ರ ಜೂನ್ 4ರಂದು, ಎಂದರೆ ತಿಯಾನನ್‌ಮೆನ್ ಹತ್ಯಾಕಾಂಡದ ವಾರ್ಷಿಕ ದಿನದಂದು, ನ್ಯೂಯಾರ್ಕ್ ಬಂದರಿನ ನೀರಿನ ಮೇಲೆ, ಸ್ವಾತಂತ್ರ್ಯದೇವಿಯ ಪ್ರತಿಮೆಯ ಸಾಕ್ಷಿಯಲ್ಲಿ, ‘ಚೀನದ ನೂತನ ಸಂಯುಕ್ತ ರಾಷ್ಟ್ರ’ವನ್ನು ಇಬ್ಬರೂ ಘೋಷಿಸಿದರು. ಅದೇ ತಿಂಗಳುಗಳಲ್ಲಿ ಜಿ.ಟಿ.ವಿ. ಎಂಬ ಪ್ರಸಾರ ಸಂಸ್ಥೆಯ ಷೇರುಗಳ ಮಾರಾಟ. ಐದು ಸಾವಿರಕ್ಕೂ ಮಿಕ್ಕ ಜನ 45 ಕೋಟಿ ಡಾಲರಿಗೂ ಹೆಚ್ಚು ಹಣ ತೆತ್ತರು. ಆಮೇಲೆ 10,000ದಿಂದ 50,000 ಡಾಲರಿನವರೆಗೆ ಶುಲ್ಕವಿದ್ದ ಒಂದು ಕ್ಲಬ್ಬು; ಆಮೇಲೆ ಹಿಮಾಲಯದ ಹೆಸರಿನ, ಕೈಗೆ ಸಿಕ್ಕದ ನಾಣ್ಯ; ಅದರ ಬೆಲೆಯ ಶೇ. 20 ಭಾಗಕ್ಕೆ ಚಿನ್ನದ ಆಧಾರವಿದೆಯೆಂಬ ಮಾತು ಸುಳ್ಳೆಂದು ಸರ್ಕಾರಿ ವಕೀಲರು ಹೇಳಿದರು. ಒಟ್ಟು ನೂರು ಕೋಟಿ ಡಾಲರಿಗೂ ಮೇಲ್ಪಟ್ಟ ವಂಚನೆಯೆಂದು ಅವರ ಲೆಕ್ಕ. ಆ ಹಣದಲ್ಲಿ ನ್ಯೂಜೆರ್ಸಿಯಲ್ಲಿ ಬಂಗಲೆ, ಓಟದ ಕಾರುಗಳು. ತಲಾ 36,000 ಡಾಲರಿನ ಎರಡು ಹಾಸಿಗೆಗಳು ಬಂದವೆಂದು ಆಪಾದನಾ ಪತ್ರ ವಿವರಿಸುತ್ತದೆ. ಅಷ್ಟು ಬೆಲೆಯ ಹಾಸಿಗೆಯ ಮೇಲೆ ನಿದ್ದೆ ಹೇಗೆ ಬರುತ್ತದೋ ನಾನರಿಯೆ.

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರ ಹತ್ತಿರ ಇದನ್ನು ಪ್ರಸ್ತಾಪಿಸಿದೆ. ಅವರು ನಕ್ಕು, “ದುರಾಸೆ ಕಣ್ರೀ, ಬರೀ ದುರಾಸೆ. ಹತ್ತಕ್ಕೆ ನೂರು ಬರುತ್ತೆ ಅಂದರೆ ಯಾರು ಬೇಡ ಅಂತಾರೆ? ಇದರಲ್ಲಿ ನಿಮ್ಮ ಧರ್ಮಸೂಕ್ಷ್ಮ ಎಲ್ಲಿಂದ ಬಂತು ಮೇಷ್ಟ್ರೇ?” ಎಂದರು. ದುರಾಸೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬರಿಯ ದುರಾಸೆಗೆ ಲೋಕದಲ್ಲಿ ಅಂಗಡಿಗಳು ಬೇಕಾದಷ್ಟಿವೆ. ಇಲ್ಲಿ ಷೇರಿನ ಜೊತೆಗೆ ಇನ್ನೊಂದನ್ನೂ ಕಟ್ಟಿಕೊಡುತ್ತಿದ್ದರು: ಒಂದು ದಿನ ಊರಿಗೆ ಮರಳುತ್ತೇವೆ, ಆ ಊರಿನಲ್ಲಿ ಪೊಲೀಸಿನವನಿಗೆ ಹೆದರದೆ ಬಾಳುತ್ತೇವೆ ಎಂಬ ಆಸೆ. ಅದು ದುರಾಸೆಯಲ್ಲ. ಮನುಷ್ಯನ ಕೆಟ್ಟ ಆಸೆಯನ್ನು ಹಿಡಿದು ಮೋಸ ಮಾಡುವವನಿಗಿಂತ ಒಳ್ಳೆಯ ಆಸೆಯನ್ನು ಹಿಡಿದು ಮೋಸ ಮಾಡುವವನ ಪಾಪ ದೊಡ್ಡದು. ಮೊದಲನೆಯವನಿಂದ ಮೋಸಹೋದವನು ಮುಂದೆ ಎಚ್ಚರವಾಗಿರುತ್ತಾನೆ. ಎರಡನೆಯವನಿಂದ ಮೋಸಹೋದವನು ಮುಂದೆ ಆಶಿಸುವುದನ್ನೇ ಬಿಡಬಹುದು.

ಇಡೀ ಕಥೆಯಲ್ಲಿ ನನ್ನನ್ನು ಬಹುವಾಗಿ ತಡೆದು ನಿಲ್ಲಿಸಿದ್ದು ಒಂದು ವಿಹಾರನೌಕೆ. ಅದರ ಹೆಸರು ಲೇಡಿ ಮೇ. 2020ರ ಆಗಸ್ಟಿನಲ್ಲಿ ಬ್ಯಾನನ್ ಬೇರೊಂದು ಮೊಕದ್ದಮೆಯಲ್ಲಿ ಬಂಧಿತನಾದದ್ದು ಅದರ ಮೇಲೆಯೇ. ಸಾಲ ಕೊಟ್ಟಿದ್ದ ಹಣಕಾಸು ಸಂಸ್ಥೆಯೊಂದು ಗುವೊನ ಮೇಲೆ ದಾವೆ ಹೂಡಿ ಗೆದ್ದು, ನೌಕೆಯನ್ನು ವಶಪಡಿಸಿಕೊಳ್ಳಲು ಬಂದಾಗ ಅದು ನ್ಯಾಯಾಲಯದ ಎಲ್ಲೆಯಾಚೆಗೆ ತೇಲಿಹೋಗಿತ್ತು. ನೌಕೆ ನನ್ನದಲ್ಲ, ನನ್ನ ಮಗಳದು ಎಂದು ಗುವೊನ ವಾದ. ನ್ಯಾಯಾಧೀಶ ಒಪ್ಪದೆ 2022ರ ಫೆಬ್ರವರಿಯಲ್ಲಿ 13.4 ಕೋಟಿ ಡಾಲರು ದಂಡ ಹಾಕಿದ. ಕೆಲವೇ ದಿನಗಳಲ್ಲಿ ಗುವೊ ದಿವಾಳಿ ಅರ್ಜಿ ಸಲ್ಲಿಸಿದ. ತನ್ನ ಆಸ್ತಿ ಒಂದು ಲಕ್ಷ ಡಾಲರಿಗೆ ಮೀರದೆಂದು ಬರೆದುಕೊಟ್ಟ. ಬೀಜಿಂಗಿನ ದೊಡ್ಡವರ ಬೇನಾಮಿ ಆಸ್ತಿಯನ್ನು ಲೋಕಕ್ಕೆ ತೋರಿಸುತ್ತೇನೆಂದು ಹೊರಟವನು ಇವನೇ ತಾನೆ? ಬೇನಾಮಿಯ ವಿದ್ಯೆ ಅವನಿಗೆ ಅಷ್ಟು ಚೆನ್ನಾಗಿ ಹೇಗೆ ತಿಳಿದಿತ್ತೆಂಬುದು ಆಗ ಎಲ್ಲರಿಗೂ ತಿಳಿಯಿತು.

ಆದರೂ, ಇವನು ಬೇನಾಮಿಯೆಂದ ಮಾತ್ರಕ್ಕೆ ಅವರು ಬೇನಾಮಿಯಲ್ಲವೆಂದು ಹೇಗಾಗುತ್ತದೆ? ಚೀನದ ಆಳುವವರಿಗೆ ಇದಕ್ಕಿಂತ ಅನುಕೂಲವಾದ ವೈರಿ ಸಿಕ್ಕಲಾರ. ಪ್ರಾಮಾಣಿಕನಾದ ವಿರೋಧಿಯನ್ನು ಸುಳ್ಳನೆಂದು ತೋರಿಸಲು ಎಷ್ಟೋ ಶ್ರಮಪಡಬೇಕು. ಇವನು ಆ ಶ್ರಮವನ್ನೂ ಉಳಿಸಿಕೊಟ್ಟ. ಇಲ್ಲಿ ಮುಖ್ಯವಾಗಿ ನಷ್ಟವಾದದ್ದು ಯಾರಿಗೆಂದು ಕೇಳಿದರೆ, ಹಣ ಕಳೆದುಕೊಂಡವರ ಜೊತೆಗೆ ನಾನು ಇನ್ನು ಕೆಲವರನ್ನೂ ಎಣಿಸುತ್ತೇನೆ. ಬಾಬ್ ಫು ಎಂಬ ಪಾದ್ರಿ 1989ರ ಚಳವಳಿಯಲ್ಲಿದ್ದು, ಚೀನದಿಂದ ತಪ್ಪಿಸಿಕೊಂಡು ಬಂದು, ಟೆಕ್ಸಾಸಿನಲ್ಲಿ ಕೂತು ಚೀನದ ಕ್ರೈಸ್ತರ ಮೇಲಿನ ದಬ್ಬಾಳಿಕೆಯ ವಿರುದ್ಧ ದುಡಿಯುತ್ತಿದ್ದವನು. 2020ರ ಕೊನೆಯ ತಿಂಗಳುಗಳಲ್ಲಿ ಗುವೊನ ಹಿಂಬಾಲಕರು ಗುಂಪುಗಟ್ಟಿ ಅವನ ಮನೆಯ ಮುಂದೆ ನಿಂತು, ಅವನು ಕಮ್ಯುನಿಸ್ಟರ ಗೂಢಚಾರನೆಂದು ಕೂಗಿದರು. ಅವನ ಸಂಸಾರ ಮನೆ ಬಿಟ್ಟು ಬೇರೆ ಕಡೆ ಇರಬೇಕಾಯಿತು. ಗುವೊನನ್ನು ಪ್ರಶ್ನಿಸಿದ ಇತರ ದೇಶಭ್ರಷ್ಟರಿಗೂ ಇದೇ ಮರ್ಯಾದೆ. ಚೀನದ ಪೊಲೀಸರಿಂದ ತಪ್ಪಿಸಿಕೊಂಡು ಬಂದವರ ಬಾಗಿಲಲ್ಲಿ, ಚೀನದ ವಿಮೋಚನೆಯ ಹೆಸರಿನಲ್ಲಿ, ಅದೇ ಪೊಲೀಸರ ಕೆಲಸ.

ಒಂದು ಬಾವಿಯ ನೀರನ್ನು ಊರೆಲ್ಲ ಕುಡಿಯುತ್ತದೆ. ದೇಶಭ್ರಷ್ಟರ ಮಾತಿಗೆ ಲೋಕ ಕೊಡುವ ಬೆಲೆ ಅಂಥ ಬಾವಿ. ಕಾಗದಪತ್ರಗಳ ಗಂಟು ಹೊತ್ತು ನಾಳೆ ಬರುವ ಇನ್ನೊಬ್ಬ ಚೀನೀಯನನ್ನು ಪತ್ರಕರ್ತರು ಮೊದಲು ಅನುಮಾನದಿಂದ ನೋಡುತ್ತಾರೆ; ಇವನೂ ಗುವೊನ ಜಾತಿಯವನೋ ಏನೋ ಎಂದು. ಅವನು ನಿಜವನ್ನೇ ಹೇಳುತ್ತಿದ್ದರೂ ಗುವೊ ಮಾಡಿಟ್ಟ ಸಾಲವನ್ನು ಮೊದಲು ತೀರಿಸಬೇಕು. ಈ ಕಳ್ಳತನ ಯಾವ ಆಪಾದನಾ ಪತ್ರದಲ್ಲೂ ಬರುವುದಿಲ್ಲ.

2023ರ ಮಾರ್ಚ್ 15ರಂದು ಗುವೊನನ್ನು ನ್ಯೂಯಾರ್ಕಿನಲ್ಲಿ ಬಂಧಿಸಿದರು. ಅವನ ಆ ದೊಡ್ಡ ಮನೆಗೆ ಅದೇ ದಿನ ಬೆಂಕಿಯೂ ಬಿತ್ತು. ಮರುವರ್ಷದ ಬೇಸಗೆಯಲ್ಲಿ ವಿಚಾರಣೆ ನಡೆಯಿತು. ಚೀನ ಸರ್ಕಾರ ಅವನನ್ನು ಬೇಟೆಯಾಡುತ್ತಿತ್ತೆಂದು ಅವನ ವಕೀಲರು ವಾದಿಸಿದರು. ಅದು ನಿಜವೂ ಹೌದು. ಹಣ ಕೊಟ್ಟವರನ್ನು ವಂಚಿಸಿದ್ದಾನೆಂದು ಸರ್ಕಾರಿ ವಕೀಲರು ವಾದಿಸಿದರು. ಅದೂ ನಿಜವೆಂದು ತೀರ್ಪಾಯಿತು. ಹನ್ನೆರಡು ಆಪಾದನೆಗಳಿದ್ದವು. ಜ್ಯೂರಿಯವರು, ಎಂದರೆ ಬೀದಿಯಿಂದ ಕರೆತಂದ ಸಾಮಾನ್ಯ ನಾಗರಿಕರು, ಒಂದೊಂದನ್ನೂ ಬೇರೆಬೇರೆ ಎತ್ತಿ ನೋಡಿದರು. 2024ರ ಜುಲೈ 16ರಂದು ಒಂಬತ್ತರಲ್ಲಿ ಅಪರಾಧಿಯೆಂದೂ ಮೂರರಲ್ಲಿ ಅಲ್ಲವೆಂದೂ ಹೇಳಿದರು.

ಹಣ ಕೊಟ್ಟವರಲ್ಲಿ ಹಲವರು ಆಮೇಲೂ ತಮಗೆ ಮೋಸವಾಗಿಲ್ಲವೆಂದೇ ಹೇಳುತ್ತ ಬಂದರು. ಇದನ್ನು ಓದಿ ನಗುವವರುಂಟು. ನನಗೆ ನಗು ಬರಲಿಲ್ಲ. ಗುವೊ ಮೋಸಗಾರನೆಂದು ಒಪ್ಪಿದರೆ ತಮ್ಮ ದೇಶದ ವಿಷಯವಾಗಿ ತಾವು ನಂಬಿದ್ದನ್ನೂ ಅವನ ಜೊತೆಯಲ್ಲೇ ಬಿಟ್ಟುಕೊಡಬೇಕಾಗುತ್ತದೆಂದು ಅವರು ಹೆದರಿರಬಹುದು. ಅವನು ಬರುವ ಎಷ್ಟೋ ಮೊದಲೇ, ತಮ್ಮ ಊರಿನಲ್ಲಿ, ತಮ್ಮ ಕಣ್ಣಿಂದಲೇ ಅದನ್ನು ಕಂಡವರು ಅವರಲ್ಲಿ ಎಷ್ಟು ಮಂದಿಯೋ.